ಲಾ ಕನ್ಯಾಡಾದಲ್ಲಿ ಮನೆ ಕೊಳ್ಳುವ ಯೋಚನೆ: ಬೆಟ್ಟದ ಬುಡದಲ್ಲಿ ನೆಲೆಸಿದವರ ಅಭಿಪ್ರಾಯ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಸದ್ಯಕ್ಕೆ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಬಳಿಯ ಗ್ಲೆಂಡೇಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕೆಲವು ತಿಂಗಳಿನಿಂದ ಲಾ ಕನ್ಯಾಡಾ ಫ್ಲಿಂಟ್‌ರಿಡ್ಜ್‌ನಲ್ಲಿ ಸ್ವಂತ ಮನೆ ಹುಡುಕುತ್ತಿದ್ದೇವೆ. ನಮ್ಮ ಯಜಮಾನರ ಕೆಲಸ ಪ್ಯಾಸಡೀನಾದಲ್ಲಿ, ನನ್ನದು ವಾರದ ಬಹುಪಾಲು ಮನೆಯಿಂದಲೇ ನಡೆಯುತ್ತದೆ. ಮಗಳು ಆರನೆಯ ತರಗತಿಯಲ್ಲಿದ್ದಾಳೆ, ಮಗ ಮೂರನೆಯದರಲ್ಲಿ. ಅತ್ತೆಯವರು ವರ್ಷದಲ್ಲಿ ಅರ್ಧ ಕಾಲ ನಮ್ಮ ಜೊತೆಯಲ್ಲೇ ಇರುತ್ತಾರೆ.

ಊರು ನಮಗೆ ಬಹಳ ಹಿಡಿಸಿದೆ. ಇಪ್ಪತ್ತು ಸಾವಿರದಷ್ಟು ಜನಸಂಖ್ಯೆ, ಹಿತ್ತಲಿನಿಂದಲೇ ಮೇಲೇಳುವ ಸ್ಯಾನ್ ಗೇಬ್ರಿಯಲ್ ಪರ್ವತ, ಬೀದಿಗೆ ಚಪ್ಪರ ಹಾಕಿದಂತಿರುವ ಹಳೆಯ ಓಕ್ ಮರಗಳು, ಒಳ್ಳೆಯ ಹೆಸರಿರುವ ಸರ್ಕಾರಿ ಶಾಲೆಗಳು. ಇವೆಲ್ಲ ಒಂದೇ ಕಡೆ ಸಿಗುವುದು ಅಪರೂಪ. ಬೆಲೆಯೂ ಅದಕ್ಕೆ ತಕ್ಕಂತೆಯೇ ಇದೆ: ಇಪ್ಪತ್ತು ಲಕ್ಷ ಡಾಲರಿಗಿಂತ ಕೆಳಗೆ ನಮಗೆ ಸರಿಹೋಗುವ ಮನೆ ಕಾಣಿಸುತ್ತಿಲ್ಲ. ಸಾಲದ ಲೆಕ್ಕವನ್ನು ನಾವು ಮಾಡಿಕೊಂಡಿದ್ದೇವೆ, ಆದ್ದರಿಂದ ಅದರ ಬಗ್ಗೆ ಇಲ್ಲಿ ಕೇಳುತ್ತಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ ವಿಷಯಗಳು. 2025ರ ಜನವರಿಯಲ್ಲಿ ಪಕ್ಕದ ಆಲ್ಟಡೀನಾ ಕಾಡ್ಗಿಚ್ಚಿಗೆ ಸುಟ್ಟುಹೋದದ್ದನ್ನು ಗ್ಲೆಂಡೇಲ್‌ನ ಕಿಟಕಿಯಿಂದಲೇ ನೋಡಿದವರು ನಾವು. ಅಂಥ ಬೆಟ್ಟದ ಬುಡಕ್ಕೆ ತಿಳಿದೂ ತಿಳಿದೂ ಮಕ್ಕಳನ್ನು ಕರೆದುಕೊಂಡು ಹೋಗುವುದು ಸರಿಯೇ? ಮನೆ ವಿಮೆ ಸಿಗುವುದೇ ಇಲ್ಲವೆಂದು ಕೆಲವರು, ಸಿಗುತ್ತದೆ ಆದರೆ ದುಬಾರಿ ಎಂದು ಕೆಲವರು ಹೇಳುತ್ತಾರೆ, ಯಾವುದು ನಿಜ? ಇಷ್ಟು ಸಿರಿವಂತರ ನಡುವೆ ಬೆಳೆಯುವ ಮಕ್ಕಳ ಮನಸ್ಸು ಹೇಗಾಗುತ್ತದೆ, ಕಾರು ಓಡಿಸದ ಅತ್ತೆಯವರಿಗೆ ಅಲ್ಲಿ ಹೊತ್ತು ಹೋಗುತ್ತದೆಯೇ ಎಂಬ ಪ್ರಶ್ನೆಗಳೂ ಇವೆ. ಅಲ್ಲಿಯೇ ವಾಸವಾಗಿರುವವರು ಇದ್ದುದನ್ನು ಇದ್ದ ಹಾಗೆ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಫುಟ್‌ಹಿಲ್ ನಿವಾಸಿ

ಮೇಡಂ, ನಾವು ಫುಟ್‌ಹಿಲ್ ಬುಲೆವಾರ್ಡ್‌ನ ಉತ್ತರಕ್ಕೆ, ಬೆಟ್ಟಕ್ಕೆ ಅಂಟಿಕೊಂಡಿರುವ ಬೀದಿಯೊಂದರಲ್ಲಿ ಬಹುಕಾಲದಿಂದ ಇದ್ದೇವೆ. ವಿಮೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈಗ ಇಲ್ಲಿ ಮನೆ ಸಿಗುವುದಕ್ಕಿಂತ ಆ ಮನೆಗೆ ವಿಮೆ ಸಿಗುವುದೇ ದೊಡ್ಡ ಕೆಲಸ. ಸಿಗುವುದೇ ಇಲ್ಲ ಎಂಬ ಮಾತು ಸುಳ್ಳು. ಸಾಮಾನ್ಯ ಕಂಪನಿಗಳು ಕೈಚೆಲ್ಲಿದಾಗ ಕೊನೆಯ ಆಸರೆಯಾಗಿ ಕ್ಯಾಲಿಫೋರ್ನಿಯಾ ಫೇರ್ ಪ್ಲಾನ್ ಇದೆ. ಅದು ಸರ್ಕಾರದ ಹಣದಿಂದ ನಡೆಯುವುದಲ್ಲ, ರಾಜ್ಯದಲ್ಲಿ ವ್ಯಾಪಾರ ಮಾಡುವ ವಿಮಾ ಕಂಪನಿಗಳೆಲ್ಲ ಕಾನೂನಿನ ಪ್ರಕಾರ ಸೇರಿ ನಡೆಸುವ ವ್ಯವಸ್ಥೆ. ಆದರೆ ಅದರ ಮೂಲ ಪಾಲಿಸಿ ಬೆಂಕಿ, ಸಿಡಿಲು, ಹೊಗೆ, ಮನೆಯೊಳಗಿನ ಸ್ಫೋಟ ಇಂಥವಕ್ಕೆ ಮಾತ್ರ ಅನ್ವಯಿಸುತ್ತದೆ. ಕಳವಾದರೆ, ಒಳಗಿನ ನೀರಿನ ಪೈಪು ಒಡೆದರೆ, ನಿಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದ ಅತಿಥಿ ನಷ್ಟ ಪರಿಹಾರ ಕೇಳಿದರೆ ಅದರಿಂದ ಏನೂ ಬರುವುದಿಲ್ಲ; ಆ ಕೊರತೆ ತುಂಬಲು ಇನ್ನೊಂದು ಪೂರಕ ಪಾಲಿಸಿಯನ್ನು ಬೇರೆ ಕಂಪನಿಯಿಂದ ತೆಗೆದುಕೊಳ್ಳಬೇಕಾಗುತ್ತದೆ. ಇದಲ್ಲದೆ ಮನೆಗಳಿಗೆ ಅದರ ಮಿತಿ 30 ಲಕ್ಷ ಡಾಲರ್. ಹಾಗಾಗಿ ನೀವು ಹೋಲಿಸಬೇಕಾದದ್ದು ಎರಡು ಪಾಲಿಸಿಗಳ ಒಟ್ಟು ಮೊತ್ತವನ್ನು.

ವಿಮೆಯವರು ಏನು ನೋಡುತ್ತಾರೆ ಎಂಬುದನ್ನು ತಿಳಿದುಕೊಂಡರೆ ಮನೆ ನೋಡುವ ನಿಮ್ಮ ಕಣ್ಣೂ ಬದಲಾಗುತ್ತದೆ. ಕಾಡ್ಗಿಚ್ಚಿನಲ್ಲಿ ಹೆಚ್ಚಿನ ಮನೆಗಳು ಉರಿಯುವುದು ಜ್ವಾಲೆ ಬಂದು ತಾಕುವುದರಿಂದಲ್ಲ, ಗಾಳಿಯಲ್ಲಿ ಬಹುದೂರದಿಂದ ಹಾರಿ ಬರುವ ಕೆಂಡದ ಕಿಡಿಗಳಿಂದ. ಸಾಂತಾ ಆನಾ ಎಂಬ ಬಿರುಸಾದ ಒಣಗಾಳಿ ಬೀಸುವ ದಿನ ಒಂದು ಕಿಡಿ ಅಟ್ಟದ ವೆಂಟ್‌ನೊಳಗೆ, ಅಂದರೆ ಗಾಳಿಕಿಂಡಿಯೊಳಗೆ, ನುಸುಳಿದರೆ ಮನೆ ಒಳಗಿನಿಂದ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮನೆ ನೋಡಲು ಹೋದಾಗ ಅಡುಗೆಮನೆಯ ಕಲ್ಲಿನ ಕಟ್ಟೆಯನ್ನು ಸವರುವ ಮೊದಲು ಹೊರಗೆ ಒಂದು ಸುತ್ತು ಬನ್ನಿ: ವೆಂಟ್‌ಗಳಿಗೆ ಹಾಕಿರುವ ಲೋಹದ ಬಲೆಯ ಕಣ್ಣು ಒಂದು ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ದೊಡ್ಡದಾಗಿದೆಯೇ, ಸೂರಿನಂಚಿನ ಗಟರ್‌ನಲ್ಲಿ ಒಣಗಿದ ಓಕ್ ಎಲೆ ತುಂಬಿದೆಯೇ, ಮರದ ಬೇಲಿ ನೇರವಾಗಿ ಗೋಡೆಗೆ ಬಂದು ಸೇರುತ್ತದೆಯೇ, ಗೋಡೆಯ ಬುಡದಲ್ಲಿ ಚಂದಕ್ಕೆಂದು ಮರದ ತೊಗಟೆಯ ಮಲ್ಚ್ ಹರಡಿದ್ದಾರೆಯೇ ಎಂದು ನೋಡಿ. ಗೋಡೆಯಿಂದ ಮೊದಲ ಐದು ಅಡಿಯಲ್ಲಿ ಉರಿಯುವ ವಸ್ತು ಇರಬಾರದೆಂಬ ದಿಕ್ಕಿನಲ್ಲಿ ರಾಜ್ಯದ ನಿಯಮಗಳು ಸಾಗುತ್ತಿವೆ. ನೂರು ಅಡಿಯವರೆಗೆ ಪೊದೆ, ಒಣಹುಲ್ಲು ತೆಗೆದಿರಬೇಕೆಂಬುದು ಈಗಾಗಲೇ ಇರುವ ಕಟ್ಟಳೆ. ಹೆಚ್ಚಿನ ಮತ್ತು ಅತಿ ಹೆಚ್ಚಿನ ಬೆಂಕಿ ಅಪಾಯದ ವಲಯಗಳಲ್ಲಿ ಮನೆ ಮಾರುವಾಗ ಈ ತೆರವು ನಿಯಮ ಪಾಲನೆಯಾಗಿದೆಯೆಂಬ ದಾಖಲೆಯ ಪ್ರಶ್ನೆ 2021ರ ಜುಲೈನಿಂದ ವ್ಯವಹಾರದ ಭಾಗವಾಗಿದೆ. ಅದನ್ನು ಕೇಳಿ ಪಡೆಯಿರಿ.

ಬೆಂಕಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದರ ನಂತರ ಬರುವ ಕೆಸರಿನ ಬಗ್ಗೆ ಮನೆ ತೋರಿಸುವ ಏಜೆಂಟರು ಬಾಯಿ ಬಿಡುವುದಿಲ್ಲ. ಈ ಬೆಟ್ಟ ಬಹಳ ಕಡಿದಾದದ್ದು, ಸದಾ ಕುಸಿಯುತ್ತಿರುವಂಥದ್ದು. ಕುರುಚಲು ಕಾಡು ಸುಟ್ಟಾಗ ಮಣ್ಣಿನ ಮೇಲ್ಭಾಗದಲ್ಲಿ ನೀರನ್ನು ಹೀರದ, ಮೇಣದಂಥ ಪದರವೊಂದು ಉಂಟಾಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬಿರುಸಾಗಿ ಮಳೆ ಬಂದರೂ ಸಾಕು, ನೀರು, ಬೂದಿ, ಮಣ್ಣು, ಮರದ ದಿಮ್ಮಿ, ಕಾರಿನಷ್ಟು ದೊಡ್ಡ ಬಂಡೆ ಎಲ್ಲವೂ ಒಟ್ಟಾಗಿ ಕಣಿವೆಯಿಂದ ಇಳಿದುಬರುತ್ತವೆ. 1933ರ ನವೆಂಬರಿನಲ್ಲಿ ಬೆಟ್ಟ ಸುಟ್ಟಿತು, 1934ರ ಹೊಸ ವರ್ಷದ ನಡುರಾತ್ರಿ ಪಕ್ಕದ ಕ್ರೆಸೆಂಟಾ ಕಣಿವೆಯಲ್ಲಿ ಇಂಥ ಪ್ರವಾಹ ನಲವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸುರಕ್ಷಿತವೆಂದು ಜನ ಆಶ್ರಯ ಪಡೆದಿದ್ದ ಅಮೆರಿಕನ್ ಲೀಜನ್ ಸಭಾಂಗಣಕ್ಕೇ ಅದು ನುಗ್ಗಿತು. ಕಣಿವೆಗಳ ಬಾಯಲ್ಲಿ ಕೌಂಟಿಯವರು ಕಟ್ಟಿರುವ ದೊಡ್ಡ ಹೂಳುಗುಂಡಿಗಳು, ಇಲ್ಲಿನವರು ಡೆಬ್ರಿ ಬೇಸಿನ್ ಎನ್ನುವವು, ಇಂಥದ್ದನ್ನು ತಡೆಯುವುದಕ್ಕಾಗಿಯೇ ಇವೆ. ಅವೂ ಪ್ರತಿ ಬಾರಿ ತಡೆಯುವುದಿಲ್ಲ. 2009ರ ಆಗಸ್ಟಿನಲ್ಲಿ ಏಂಜಲೀಸ್ ಕ್ರೆಸ್ಟ್ ಹೆದ್ದಾರಿಯ ಬಳಿ ಹೊತ್ತಿಕೊಂಡ, ಸ್ಟೇಷನ್ ಫೈರ್ ಎಂದು ಹೆಸರಿಟ್ಟ ಕಾಡ್ಗಿಚ್ಚು 1,60,000 ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ನಮ್ಮೂರಿನ ಮನೆಗಳು ಆ ಬೆಂಕಿಯಿಂದ ಬಹುತೇಕ ಪಾರಾದವು. ಆದರೆ 2010ರ ಫೆಬ್ರವರಿ 6ರ ಬೆಳಗಿನ ಜಾವ ಮಲ್ಲಲ್ಲಿ ಎಂಬ ಹೆಸರಿನ ಹೂಳುಗುಂಡಿ ತುಂಬಿ ಹರಿದು, ಪ್ಯಾರಡೈಸ್ ವ್ಯಾಲಿ ಭಾಗದಲ್ಲಿ ನಲವತ್ತಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ಆ ಚಳಿಗಾಲಗಳಲ್ಲಿ ಬೀದಿಯುದ್ದಕ್ಕೂ ಕಾಂಕ್ರೀಟ್ ತಡೆಗೋಡೆ, ಗ್ಯಾರೇಜ್ ಬಾಗಿಲಿಗೆ ಮರಳಿನ ಚೀಲ. ಕಾರು ಹೊರತೆಗೆಯಲು ಗೋಡೆಯ ನಡುವಿನ ಸಂದು ಹುಡುಕಬೇಕಿತ್ತು.

ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. ಕಾಡ್ಗಿಚ್ಚೇ ಮೂಲ ಕಾರಣವೆಂದು ತೋರಿಸಲು ಸಾಧ್ಯವಾದರೆ ಕೆಸರಿನ ಹಾನಿಗೂ ಪರಿಹಾರ ಕೇಳಬಹುದು, ಆದರೆ ಅದು ವಾದ ಮಾಡಿ ಪಡೆಯುವ ಹಣ. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವಷ್ಟೇ ಜಾರಿಗೆ ಬರುತ್ತದೆ. ಹೊಗೆ ಕಂಡ ಮೇಲೆ, ಮೋಡ ಕಂಡ ಮೇಲೆ ಓಡಿದರೆ ಆಗದು. ಭೂಕಂಪದ ವಿಮೆ ಮತ್ತೆ ಬೇರೆ. ಸಿಯೆರಾ ಮಾಡ್ರೆ ಬಿರುಕು ಈ ಬೆಟ್ಟದ ಬುಡದಲ್ಲೇ ಹಾದುಹೋಗುತ್ತದೆ, ಆದ್ದರಿಂದ ಹಳೆಯ ಮನೆಯಾದರೆ ಅದನ್ನು ತಳಪಾಯಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆಯೇ ಎಂದು ಇನ್‌ಸ್ಪೆಕ್ಟರರನ್ನು ಕೇಳಲು ಮರೆಯಬೇಡಿ.

ಮಕ್ಕಳನ್ನು ಕರೆತರುವುದು ಸರಿಯೇ ಎಂದಿರಿ. ನಮ್ಮ ಮಕ್ಕಳು ಇಲ್ಲೇ ಬೆಳೆದರು, ನಾವು ಬಿಟ್ಟು ಹೋಗುವ ಯೋಚನೆ ಮಾಡಿಲ್ಲ. ಆದರೆ ಬೆಟ್ಟವನ್ನು ಬರೀ ನೋಟವೆಂದು ತಿಳಿದು ಬರುವವರಿಗೆ ಈ ಊರು ಒಗ್ಗುವುದಿಲ್ಲ. ವರ್ಷಕ್ಕೊಮ್ಮೆ ಸುಣ್ಣ ಬಣ್ಣಕ್ಕೆ ಇಡುವ ಹಾಗೆ ಬೆಟ್ಟಕ್ಕೆಂದೇ ಹಣವನ್ನೂ ಗಮನವನ್ನೂ ಎತ್ತಿಡಬೇಕು.

ಉತ್ತರ: ಇಬ್ಬರು ಮಕ್ಕಳ ತಾಯಿ

ಮೇಲಿನವರು ಬೆಟ್ಟದ ವಿಷಯ ಚೆನ್ನಾಗಿ ಹೇಳಿದ್ದಾರೆ, ನಾನು ಶಾಲೆ ಮತ್ತು ಮನೆಯ ಒಳಗಿನ ಮಾತಿಗೆ ಬರುತ್ತೇನೆ.

ಮೊದಲನೆಯದಾಗಿ, ಊರಿನ ಹೆಸರು ನೋಡಿ ಶಾಲೆ ನಿರ್ಧರಿಸಬೇಡಿ. ಊರಿನ ಪಶ್ಚಿಮ ಅಂಚಿನ ಸೇಜ್‌ಬ್ರಷ್ ಎಂಬ ಭಾಗ ಲಾ ಕನ್ಯಾಡಾ ನಗರದೊಳಗೇ ಇದ್ದರೂ ಶಾಲೆಯ ಮಟ್ಟಿಗೆ ಗ್ಲೆಂಡೇಲ್ ಶಾಲಾ ಜಿಲ್ಲೆಗೆ ಸೇರಿದೆ. ಅದನ್ನು ಬದಲಿಸಬೇಕೆಂಬ ಜಗಳ ದಶಕಗಳಿಂದ ನಡೆದಿದೆ. ಗ್ಲೆಂಡೇಲ್ ಶಾಲೆಗಳೇನೂ ಕೆಟ್ಟವಲ್ಲ, ಆದರೆ ಒಂದು ಶಾಲೆಗೆಂದು ಹಣ ಕೊಟ್ಟು ಇನ್ನೊಂದಕ್ಕೆ ಮಕ್ಕಳನ್ನು ಕಳುಹಿಸುವ ಪರಿಸ್ಥಿತಿ ಬರಬಾರದು. ವಿಳಾಸವನ್ನು ಜಿಲ್ಲೆಯ ಕಚೇರಿಗೇ ಹೇಳಿ ಖಚಿತಪಡಿಸಿಕೊಳ್ಳಿ. ಲಾ ಕನ್ಯಾಡಾ ಜಿಲ್ಲೆಯಲ್ಲಿ ಮೂರು ಪ್ರಾಥಮಿಕ ಶಾಲೆಗಳಿವೆ. ಏಳನೆಯ ತರಗತಿಯಿಂದ ಹನ್ನೆರಡರವರೆಗೆ ಎಲ್ಲರೂ ಒಂದೇ ಆವರಣ. ನಿಮ್ಮ ಮಗಳು ಬರುವ ವರ್ಷವೇ ಆ ಆವರಣಕ್ಕೆ ಕಾಲಿಡುತ್ತಾಳೆ. ಮೂರು ಕಡೆಯ ಮಕ್ಕಳು ಬಂದು ಬೆರೆಯುವ ವರ್ಷವಾದ್ದರಿಂದ ಹೊಸಬರಿಗೆ ಅದು ಅನುಕೂಲವೇ.

ಸಿರಿವಂತರ ಊರಿನ ಶಾಲೆಗೆ ಹಣಕ್ಕೇನು ಕೊರತೆ ಎಂದು ನಾವೂ ಅಂದುಕೊಂಡಿದ್ದೆವು. 2013ರಿಂದ ಜಾರಿಯಲ್ಲಿರುವ ರಾಜ್ಯದ ಅನುದಾನ ಸೂತ್ರ ಬಡ ಕುಟುಂಬಗಳ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಸಾಕು ಕುಟುಂಬಗಳಲ್ಲಿರುವ ಮಕ್ಕಳು ಹೆಚ್ಚಿರುವ ಜಿಲ್ಲೆಗಳಿಗೆ ಹೆಚ್ಚು ಕೊಡುತ್ತದೆ, ಅದು ನ್ಯಾಯವೇ. ಹಾಗಾಗಿ ಇಂಥ ಜಿಲ್ಲೆಗಳಿಗೆ ತಲೆಗೆ ಸಿಗುವ ಮೊತ್ತ ಕಡಿಮೆ. ಆ ವ್ಯತ್ಯಾಸವನ್ನು ಊರಿನವರು ಪ್ರತಿ ಆಸ್ತಿಗೆ ಇಂತಿಷ್ಟೆಂದು ಹಾಕುವ ಪಾರ್ಸೆಲ್ ತೆರಿಗೆಯಿಂದಲೂ ಶಿಕ್ಷಣ ಪ್ರತಿಷ್ಠಾನಕ್ಕೆ ಕೊಡುವ ದೇಣಿಗೆಯಿಂದಲೂ ತುಂಬಿಕೊಳ್ಳುತ್ತಾರೆ. ದೇಣಿಗೆ ಕಡ್ಡಾಯವಲ್ಲ. ಆದರೆ ಶಾಲೆ ಶುರುವಾಗುತ್ತಿದ್ದಂತೆ ಇಷ್ಟು ಕೊಡಿ ಎಂಬ ಕೋರಿಕೆಯ ಪತ್ರ ಬರುತ್ತದೆ, ಆಮೇಲೆ ಹರಾಜು, ಓಟ, ಊಟದ ಕೂಟ ಒಂದರ ಹಿಂದೊಂದು. ಕೊಡಲಾಗದವರನ್ನು ಯಾರೂ ಕೇಳುವುದಿಲ್ಲ. ಕೊಡದವರು ತಮ್ಮನ್ನು ತಾವೇ ಕೇಳಿಕೊಳ್ಳುತ್ತಾ ಇರುತ್ತಾರೆ.

ಮಕ್ಕಳ ಮನಸ್ಸಿನ ಪ್ರಶ್ನೆ ಕಷ್ಟದ್ದು. ನನ್ನ ಮಟ್ಟಿಗೆ ಇಲ್ಲಿನ ತೊಂದರೆ ದುಡ್ಡಿನ ಪ್ರದರ್ಶನವಲ್ಲ, ಹೋಲಿಕೆ. ಹದಿನಾರಕ್ಕೆ ಕಾರು ಸಿಗುವ ಗೆಳತಿಯರಿರುತ್ತಾರೆ, ನಿಜ. ಅದಕ್ಕಿಂತ ಹೆಚ್ಚಾಗಿ ಎಲ್ಲ ಮಕ್ಕಳೂ ಗಣಿತದಲ್ಲಿ ಒಂದು ತರಗತಿ ಮುಂದೆ, ಎಲ್ಲರಿಗೂ ಖಾಸಗಿ ತರಬೇತುದಾರರು, ಎಲ್ಲರಿಗೂ ಸಂಜೆ ಏಳರವರೆಗೆ ಏನಾದರೊಂದು. ಅಷ್ಟಕ್ಕೂ ಹತ್ತಿರದ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ತಂದೆ ತಾಯಂದಿರು ವಿಜ್ಞಾನ ಮೇಳಕ್ಕೆ ತೀರ್ಪುಗಾರರಾಗಿ ಬಂದರೆ ಹತ್ತು ವರ್ಷದ ಹುಡುಗ ಮಾಡಿದ ಸೋಡಾ ಜ್ವಾಲಾಮುಖಿ ಎಲ್ಲಿ ನಿಲ್ಲಬೇಕು! ನಾವು ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಇಷ್ಟೇ: ವಾರದಲ್ಲಿ ಎರಡು ಸಂಜೆ ಯಾವ ತರಗತಿಯೂ ಇಲ್ಲ, ನೆರೆಮನೆಯವರು ಏನೇ ಮಾಡಲಿ.

ಅತ್ತೆಯವರ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಬಹಳಷ್ಟು ಬೀದಿಗಳಲ್ಲಿ ಕಾಲುದಾರಿಯಿಲ್ಲ, ಬೀದಿದೀಪವಿಲ್ಲ. ಹಳ್ಳಿಯ ಚೆಲುವು ಉಳಿಯಲೆಂದು ಊರಿನವರೇ ಬೇಡವೆಂದದ್ದು. ಸಂಜೆ ಆರರ ನಂತರ ಇಳಿಜಾರಿನಲ್ಲಿ ಒಬ್ಬರೇ ನಡೆಯುವುದು ವಯಸ್ಸಾದವರಿಗೆ ಕ್ಷೇಮವಲ್ಲ. ಕರಡಿ ಕಸದ ಡಬ್ಬಿ ಉರುಳಿಸುವುದು, ಕಯೋಟಿಗಳು ಹಗಲಲ್ಲೇ ರಸ್ತೆ ದಾಟುವುದು, ಬೇಸಿಗೆಯಲ್ಲಿ ಮೆಟ್ಟಿಲ ಬಳಿ ಬುಡುಬುಡಿಕೆ ಹಾವು ಮಲಗುವುದು, ಇವೆಲ್ಲ ಇಲ್ಲಿ ಸುದ್ದಿಯೇ ಅಲ್ಲ. ನಮ್ಮ ತಾಯಿ ಬಂದಾಗ ಮೊದಲ ತಿಂಗಳು ಕಿಟಕಿಯ ಬಳಿಯೇ ಕೂತಿದ್ದರು. ಅವರನ್ನು ಉಳಿಸಿದ್ದು ಡೆಸ್ಕಾನ್ಸೊ ಉದ್ಯಾನ. ಪತ್ರಿಕೋದ್ಯಮಿ ಮ್ಯಾಂಚೆಸ್ಟರ್ ಬಾಡಿಯವರು 1937ರಲ್ಲಿ ಕೊಂಡ ಜಾಗ, 1953ರಿಂದ ಕೌಂಟಿಯದು. ಓಕ್ ಮರಗಳ ನೆರಳಿನಲ್ಲಿ ಮರದೆತ್ತರ ಬೆಳೆದ ಕಮೇಲಿಯಾ ಗಿಡಗಳಿವೆ. ಆ ಸಂಗ್ರಹದಲ್ಲಿ ಎರಡನೆಯ ಮಹಾಯುದ್ಧದಲ್ಲಿ ಶಿಬಿರಗಳಿಗೆ ಹೋಗಬೇಕಾಗಿ ಬಂದ ಜಪಾನಿ ಮೂಲದ ನರ್ಸರಿಯವರಿಂದ ಕೊಂಡ ಗಿಡಗಳೂ ಇವೆ ಎಂಬುದನ್ನು ಅಲ್ಲಿ ನಡೆಯುವಾಗ ಮರೆಯಬಾರದು. ವರ್ಷದ ಸದಸ್ಯತ್ವ ಮಾಡಿಸಿ, ಬೆಳಿಗ್ಗೆ ಬಿಟ್ಟು ಬನ್ನಿ. ಕೊರಿಯನ್ ಅಜ್ಜಿಯರ ಗುಂಪೊಂದು ಅಲ್ಲಿ ದಿನವೂ ನಡೆಯುತ್ತದೆ. ಭಾಷೆ ಬಾರದಿದ್ದರೂ ಮೊಮ್ಮಕ್ಕಳ ಫೋಟೋ ತೋರಿಸಿಕೊಂಡು ಅವರೂ ನಮ್ಮ ತಾಯಿಯೂ ಹೊತ್ತು ಕಳೆಯುತ್ತಿದ್ದರು.

ಉತ್ತರ: ಮಾಂಟ್ರೋಸ್‌ನಿಂದ

ನಾವೂ ಲಾ ಕನ್ಯಾಡಾದಲ್ಲೇ ನೋಡಿ, ಕಡೆಗೆ ಪಕ್ಕದ ಕ್ರೆಸೆಂಟಾ ಕಣಿವೆಯಲ್ಲಿ ಕೊಂಡವರು. ಆದ್ದರಿಂದ ಸ್ವಲ್ಪ ಭಿನ್ನವಾಗಿ ಹೇಳಲು ಅವಕಾಶ ಕೊಡಿ. ಬೆಟ್ಟ ಅದೇ, ಬೆಂಕಿ ಅದೇ, ವಿಮೆಯ ಪಾಡೂ ಅದೇ. ಬೆಲೆ ಮಾತ್ರ ಕಡಿಮೆ. ಕ್ರೆಸೆಂಟಾ ವ್ಯಾಲಿ ಹೈಸ್ಕೂಲಿಗೂ ಒಳ್ಳೆಯ ಹೆಸರಿದೆ, ಮಾಂಟ್ರೋಸ್‌ನ ಹೊನೊಲುಲು ಅವೆನ್ಯೂ ಅತ್ತೆಯವರು ಒಬ್ಬರೇ ನಡೆದು ಹೋಗಬಹುದಾದ ಅಂಗಡಿ ಬೀದಿ. ಲಾ ಕನ್ಯಾಡಾಗೆ ಹೆಚ್ಚಾಗಿ ಕೊಡುವ ಹಣ ಒಂದು ಶಾಲಾ ಜಿಲ್ಲೆಯ ಗಡಿಗೆ ಕೊಡುವ ಹಣ ಎಂಬುದು ನನ್ನ ಅಭಿಪ್ರಾಯ. ಅದು ಬೇಕೋ ಬೇಡವೋ ನೀವು ನಿರ್ಧರಿಸಿ.

ತೆರಿಗೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ರಾಜ್ಯದ ಆಸ್ತಿ ತೆರಿಗೆ ನಿಯಮದ ಪ್ರಕಾರ ಮೂಲ ತೆರಿಗೆ ಕೊಂಡ ಬೆಲೆಯ ಶೇಕಡಾ 1, ನಂತರ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. 22 ಲಕ್ಷ ಡಾಲರಿಗೆ ಕೊಂಡರೆ ನಿಮಗೆ ಮೊದಲ ವರ್ಷ 22,000 ಡಾಲರ್, ಅದರ ಮೇಲೆ ಸ್ಥಳೀಯ ಬಾಂಡ್‌ಗಳದ್ದು, ಪಾರ್ಸೆಲ್ ತೆರಿಗೆಯದ್ದು ಬೇರೆ. ಎಂಬತ್ತರ ದಶಕದಲ್ಲಿ ಕೊಂಡ ಪಕ್ಕದ ಮನೆಯವರು ಅದೇ ಬೀದಿ, ಅದೇ ಅಳತೆಗೆ ನಿಮ್ಮದರ ಸಣ್ಣ ಪಾಲನ್ನು ಕಟ್ಟುತ್ತಿರುತ್ತಾರೆ.

ಮನೆಯ ಕಾಗದಪತ್ರ ಕೈಗೆ ಬಂದಾಗ ಹಳೆಯ ಒಡಂಬಡಿಕೆಗಳ ಪುಟಗಳನ್ನೂ ಓದಿ. ಲಾಸ್ ಏಂಜಲೀಸ್ ಸುತ್ತಮುತ್ತ 1920ರ, 30ರ ದಶಕಗಳಲ್ಲಿ ಬೆಳೆದ ಇಂಥ ಬಡಾವಣೆಗಳ ಎಷ್ಟೋ ಪತ್ರಗಳಲ್ಲಿ, ಬಿಳಿಯರಲ್ಲದವರು ಮನೆಗೆಲಸದವರಾಗಿ ಹೊರತು ಇಲ್ಲಿ ವಾಸಿಸಬಾರದೆಂಬ ಷರತ್ತು ಇರುತ್ತಿತ್ತು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದಿತು, 1968ರ ಕಾನೂನು ಅದನ್ನು ಪೂರ್ತಿ ನಿಷೇಧಿಸಿತು. ಆದರೂ ಹಳೆಯ ಹಾಳೆಗಳು ಕಡತದಲ್ಲಿ ಉಳಿದಿರುತ್ತವೆ. ಮೇಲೆ ಈ ಷರತ್ತು ಅನೂರ್ಜಿತ ಎಂಬ ಒಂದು ಮುದ್ರೆ. ಇಂದು ಊರಿನಲ್ಲಿ ಏಷ್ಯಾ ಮೂಲದವರು ಗಣನೀಯವಾಗಿದ್ದಾರೆ, ನಮ್ಮಂಥವರಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ. ಆದರೆ ಫುಟ್‌ಹಿಲ್ ಬುಲೆವಾರ್ಡ್‌ನಲ್ಲಿ ಅಗ್ಗದ ಮನೆಗಳೂ ಸೇರಿದ ವಸತಿ ಸಮುಚ್ಚಯ ಕಟ್ಟುವ ಪ್ರಸ್ತಾವ ಬಂದಾಗ ನಗರಸಭೆ ಅದನ್ನು ತಡೆಯಿತು, ವಿಷಯ ಕೋರ್ಟಿಗೆ ಹೋಗಿ 2024ರಲ್ಲಿ ತೀರ್ಪು ನಗರದ ವಿರುದ್ಧ ಬಂತು. ಆ ದಿನಗಳ ಸಭೆಗಳಲ್ಲಿ ಸಂಚಾರ ದಟ್ಟಣೆ, ಊರಿನ ಸ್ವರೂಪ ಎಂದು ಮಾತನಾಡಿದವರಲ್ಲಿ ನಮ್ಮವರೂ ಇದ್ದರು. ನೀವು ಹೋದರೆ ಆ ಸಭೆಗಳಿಗೂ ಹೋಗಿ ಎಂದಷ್ಟೇ ನನ್ನ ಕೋರಿಕೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಾಂಟ್ರೋಸ್ ಕಡೆಯೂ ಈ ವಾರ ನೋಡುತ್ತೇವೆ. ನಮಗೆ ಹಿಡಿಸಿರುವ ಮನೆ ಬೆಟ್ಟದೊಳಕ್ಕೆ ಹೋಗಿ ಮುಗಿಯುವ ಬೀದಿಯ ಕೊನೆಯಲ್ಲಿದೆ, 1950ರ ದಶಕದ್ದು, ಮೇಲ್ಗಡೆ ಹೂಳುಗುಂಡಿ ಇದೆ. ಖರೀದಿಯಿಂದ ಹಿಂದೆ ಸರಿಯಲು ನಮಗೆ ಅವಕಾಶ ಕೊಡುವ ಷರತ್ತುಗಳನ್ನೆಲ್ಲ ಹತ್ತು ದಿನದಲ್ಲಿ ತೆಗೆಯಬೇಕೆಂದು ಮಾರುವವರು ಹೇಳುತ್ತಿದ್ದಾರೆ. ಫುಟ್‌ಹಿಲ್ ನಿವಾಸಿಯವರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ: ಫುಟ್‌ಹಿಲ್ ನಿವಾಸಿ

ಬೀದಿಗೆ ಒಂದೇ ದಾರಿ ಎಂಬುದು ನನಗೆ ಹೂಳುಗುಂಡಿಗಿಂತ ದೊಡ್ಡ ಚಿಂತೆ. ಆಲ್ಟಡೀನಾದ ಪಶ್ಚಿಮ ಭಾಗಕ್ಕೆ ಮನೆ ಬಿಡುವ ಆದೇಶ ತಡವಾಗಿ ಬಂತೆಂಬುದು ನಿಮಗೆ ಗೊತ್ತಿದೆ. ಆ ಬೆಂಕಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಆ ಭಾಗದವರು, ವಯಸ್ಸಾದವರು. ಕಾರು ಓಡಿಸದ ಹಿರಿಯರು ಮನೆಯಲ್ಲಿದ್ದು ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ಬೆಂಕಿ ಬಂದರೆ ಯಾರು ಯಾರನ್ನು ಕರೆದುಕೊಂಡು ಹೊರಡುತ್ತಾರೆ ಎಂಬುದನ್ನು ಬೀದಿ ನೋಡಿಕೊಂಡೇ ತೀರ್ಮಾನಿಸಬೇಕು. ಬೆಳಿಗ್ಗೆ ಶಾಲೆಯ ಹೊತ್ತಿನಲ್ಲಿ ಆ ಮನೆಯಿಂದ 210 ಫ್ರೀವೇವರೆಗೆ ಒಮ್ಮೆ ಕಾರಿನಲ್ಲಿ ಇಳಿದು ನೋಡಿ. ಕೆಳಗಿಳಿಯುವುದಕ್ಕೆ ಆ ಹೊತ್ತಿನಲ್ಲೇ ತಿಣುಕಾಡುವಂತಿದ್ದರೆ, ಹೊಗೆಯ ನಡುವೆ ಎಲ್ಲರೂ ಒಟ್ಟಿಗೆ ಹೊರಟಾಗ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಎರಡನೆಯದು, 2010ರಲ್ಲಿ ಆ ಬೀದಿಗೆ ಏನಾಯಿತೆಂದು ಮಾರುವವರನ್ನಲ್ಲ, ಎದುರು ಮನೆಯವರನ್ನು ಕೇಳಿ. ಹಿಂದಿನ ವಿಮಾ ಪರಿಹಾರಗಳ ವರದಿಯನ್ನು ಮಾರುವವರಿಂದ ತರಿಸಿಕೊಳ್ಳಿ. ಒಳಚರಂಡಿ ಬಂದಿದೆಯೋ ಇನ್ನೂ ಸೆಪ್ಟಿಕ್ ಟ್ಯಾಂಕ್ ಇದೆಯೋ ನೋಡಿ. ಊರಿನ ಕೆಲವು ಭಾಗಗಳಿಗೆ ಚರಂಡಿ ಬಹಳ ತಡವಾಗಿ ಬಂತು, ಕೆಲವಕ್ಕೆ ಬಂದೇ ಇಲ್ಲ. 1950ರ ಮನೆಯೆಂದರೆ ವೆಂಟ್, ಸೂರಿನ ಕೆಳಭಾಗ, ಒಂಟಿ ಗಾಜಿನ ಕಿಟಕಿ ಇವನ್ನೆಲ್ಲ ಬದಲಿಸುವ ಖರ್ಚನ್ನು ಈಗಲೇ ಬರೆದಿಡಿ. ಆ ಕೆಲಸ ಮಾಡಿಸಿದವರಿಗೆ ವಿಮೆಯಲ್ಲಿ ರಿಯಾಯಿತಿ ಕೊಡಬೇಕೆಂದು ರಾಜ್ಯದ ನಿಯಮವಿದೆ, ರಸೀತಿಗಳನ್ನು ಇಟ್ಟುಕೊಳ್ಳಿ.

ಹತ್ತು ದಿನ ಸಾಲದೆಂದೇನಿಲ್ಲ, ಆದರೆ ಮೊದಲ ದಿನವೇ ವಿಮಾ ಬ್ರೋಕರ್‌ಗೆ ವಿಳಾಸ ಕೊಡಿ. ಬಾಯಿಮಾತಿನ ಅಂದಾಜು ಬೇಡ. ಈ ಮನೆಗೆ, ಇಷ್ಟು ಮೊತ್ತಕ್ಕೆ, ಈ ಕಂತಿಗೆ ಪಾಲಿಸಿ ಕೊಡುತ್ತೇವೆಂಬುದು ಬರಹದಲ್ಲಿ ಬರಬೇಕು. ಆ ಕಾಗದ ಕೈಸೇರುವ ತನಕ ವಿಮೆಯ ಷರತ್ತನ್ನು ತೆಗೆಯಲು ಸಹಿ ಹಾಕಬೇಡಿ, ಏಜೆಂಟರು ಎಷ್ಟೇ ಅವಸರ ಮಾಡಲಿ.